ಎದುರಿಗೆ ಒಬ್ಬನೇ ಶಿಷ್ಯ

ವ್ಯಾಸಭಾರತದ ಪ್ರಚಲಿತ ಪಾಠದಲ್ಲಿ, ದ್ರೋಣಾಚಾರ್ಯರ ಶಿಷ್ಯಮಂಡಲಿಯನ್ನು ವರ್ಣಿಸುವ ಕಡೆ, ಒಂದು ಪುಟ್ಟ ಸಂಗತಿ ಬರುತ್ತದೆ. ನಮ್ಮ ಹರಿದಾಸರಾಗಲಿ ತಾಳಮದ್ದಳೆಯ ಅರ್ಥಧಾರಿಗಳಾಗಲಿ ಏಕಲವ್ಯನ ಹೆಬ್ಬೆರಳಿಗೆ ಕೊಟ್ಟ ಗಮನವನ್ನು ಇದಕ್ಕೆ ಕೊಟ್ಟದ್ದನ್ನು ನಾನು ಕೇಳಿಲ್ಲ. ದ್ರೋಣರು ಶಿಷ್ಯರನ್ನೆಲ್ಲ ನೀರು ತರಲು ಕಳುಹಿಸುತ್ತಿದ್ದರು. ರಾಜಕುಮಾರರ ಕೈಗೆ ಬಾಯಿ ಕಿರಿದಾದ ಕಮಂಡಲ. ಮಗ ಅಶ್ವತ್ಥಾಮನ ಕೈಗೆ ಬಾಯಿ ಅಗಲವಾದ ಕೊಡ. ಕಮಂಡಲ ತುಂಬಲು ಹೊತ್ತು ಹಿಡಿಯುತ್ತದೆ, ಕೊಡ ಬೇಗ ತುಂಬುತ್ತದೆ. ಮಗ ಮೊದಲು ಬರುತ್ತಾನೆ. ಉಳಿದವರು ಬಂದು ಸೇರುವುದರೊಳಗಿನ ಆ ಸ್ವಲ್ಪ ಹೊತ್ತಿನಲ್ಲಿ ತಂದೆ ಅವನೊಬ್ಬನಿಗೆ ಹೆಚ್ಚಿನ ವಿದ್ಯೆಯನ್ನು ಹೇಳಿಕೊಡುತ್ತಿದ್ದರು. ಅರ್ಜುನ ಇದನ್ನು ಗಮನಿಸಿದ. ವಾರುಣಾಸ್ತ್ರದಿಂದ ತನ್ನ ಕಮಂಡಲವನ್ನು ತಟ್ಟನೆ ತುಂಬಿಸಿಕೊಂಡು ಗುರುಪುತ್ರನ ಜೊತೆಯಲ್ಲೇ ಹಿಂದಿರುಗತೊಡಗಿದ. ಈಗ ನಮ್ಮ ಪೇಟೆಗಳ ಗೋಡೆಗೋಡೆಯಲ್ಲೂ ಕಾಣುವ ‘ಸ್ಪೆಷಲ್ ಟ್ಯೂಷನ್’ ಎಂಬುದರ ಮೂಲಪುರುಷರು ಯಾರೆಂದು ಯಾರಾದರೂ ಕೇಳಿದರೆ ನಾನು ದ್ರೋಣರ ಹೆಸರು ಹೇಳಿಯೇನು.

ಏಕಲವ್ಯನ ಕಥೆಯೂ ಇದಕ್ಕೇ ಅಂಟಿಕೊಂಡಿದೆ. ಒಂದಿರುಳು ಊಟದ ನಡುವೆ ಗಾಳಿಗೆ ದೀಪ ಆರಿತು. ಕತ್ತಲಲ್ಲಿಯೂ ಕೈ ಬಾಯಿಗೆ ತಪ್ಪದೆ ಹೋಗುವುದನ್ನು ಕಂಡ ಅರ್ಜುನ, ಅಭ್ಯಾಸವೊಂದಿದ್ದರೆ ಬಿಲ್ಲಿಗೂ ಬೆಳಕು ಬೇಡವೆಂದು ರಾತ್ರಿ ಅಭ್ಯಾಸಕ್ಕೆ ತೊಡಗಿದ. ಹೆದೆಯ ಸದ್ದು ಕೇಳಿ ಎದ್ದುಬಂದ ಗುರು ಅವನನ್ನು ತಬ್ಬಿಕೊಂಡು, ನಿನಗೆ ಸಮನಾದ ಬಿಲ್ಲುಗಾರ ಲೋಕದಲ್ಲಿ ಇನ್ನೊಬ್ಬನಿಲ್ಲದಂತೆ ಮಾಡುತ್ತೇನೆ ಎಂದು ಮಾತು ಕೊಟ್ಟರು. ಉಳಿದವರೆಲ್ಲ ಮಲಗಿದ್ದಾಗ ಒಬ್ಬ ಶಿಷ್ಯನಿಗೆ ಕೊಟ್ಟ ಮಾತು. ಮುಂದೆ ಕಾಡಿನಲ್ಲಿ ಬೇಡರ ಹುಡುಗನ ಹೆಬ್ಬೆರಳನ್ನು ಕೇಳಿದ್ದು ಆ ಮಾತೇ.

ಒಬ್ಬನನ್ನೇ ಎದುರಿಗೆ ನಿಲ್ಲಿಸಿಕೊಂಡು ಕಲಿಸುವುದರಿಂದ ಆಗುವ ಲಾಭವೇನು, ಅದು ನ್ಯಾಯವೆ ಎಂಬ ಪ್ರಶ್ನೆ ಹಾಗಾಗಿ ಹೊಸತೇನಲ್ಲ. ಲೆಕ್ಕ ಅಥವಾ ಇಂಗ್ಲಿಷಿನ ವಿಷಯದಲ್ಲಾದರೆ ಇದು ಹಣವಿದ್ದವರ, ಇಲ್ಲದವರ ಪ್ರಶ್ನೆಯಾಗಿ ಮುಗಿದೀತು. ಕಲಿಯುವುದು ಇನ್ನೊಬ್ಬರ ಮೂಳೆ ಮುರಿಯಬಲ್ಲ ವಿದ್ಯೆಯಾದಾಗ ಇದಕ್ಕೆ ಬೇರೆ ಮುಖವೊಂದು ಬರುತ್ತದೆ. ಕಳೆದ ವರ್ಷ ಈ ಪ್ರಶ್ನೆ ನಮ್ಮ ಮನೆಯ ಜಗಲಿಗೇ ಬಂತು. ಕಾಲೇಜಿಗೆ ಸೇರಿದ ಮಗಳು ಸಂಜೆಯ ಬಸ್ಸಿಳಿದು ಕತ್ತಲ ದಾರಿಯಲ್ಲಿ ನಡೆದು ಬರಬೇಕಾಗುತ್ತದೆ. ತಾನು ಆತ್ಮರಕ್ಷಣೆಯ ವಿದ್ಯೆ ಕಲಿಯಬೇಕೆಂದು ಅವಳೇ ಹೇಳಿದಳು. ವಿಚಾರಿಸಿದಾಗ ಎರಡು ದಾರಿ ಕಂಡಿತು. ಒಬ್ಬ ತರಬೇತುದಾರರು ಮನೆಗೇ ಬಂದು ಅವಳೊಬ್ಬಳಿಗೇ ಕಲಿಸುತ್ತಾರೆ, ಒಂದೊಂದು ಗಂಟೆಯ ಮೂವತ್ತು ಕ್ಲಾಸು, ಫೀಸು ಮುಂಗಡ, ಕೊನೆಗೆ ಸರ್ಟಿಫಿಕೇಟು. ಇನ್ನೊಂದು, ಚಂದ್ರಗಿರಿ ಹೊಳೆಯಾಚೆಯ ಒಂದು ಹಳೆಯ ಕಳರಿ. ಅಲ್ಲಿಯ ಗುರುಕ್ಕಳರು ವಯಸ್ಸಾದವರು. ನಾನು ನಮ್ಮ ಬ್ಯಾಂಕಿನವರ ವಾಡಿಕೆಯಂತೆ, ಎಷ್ಟು ತಿಂಗಳು, ಎಷ್ಟು ಹಣ, ಅವಳೊಬ್ಬಳಿಗೇ ಸಮಯ ಕೊಡಲು ಸಾಧ್ಯವೆ ಎಂದು ಕೇಳಿದೆ. ಅವರು ನನಗೆ ಉತ್ತರ ಕೊಡಲಿಲ್ಲ. ಮಗಳ ಕಡೆ ತಿರುಗಿ, ‘ಮೋಳೇ, ಆದ್ಯಂ ಮೆಯ್ಯ್. ಕೋಲ್ ಪಿನ್ನೆ’ ಎಂದರು. ಮೊದಲು ಮೈ, ಕೋಲು ಆಮೇಲೆ. ಆಮೇಲೆ ಎಂದರೆ ಯಾವಾಗ ಎಂದು ನಾನು ಕೇಳಿದ್ದಕ್ಕೆ, ನೋಡೋಣ, ಕೊಡುವಂತಾದರೆ ಕೊಡೋಣ ಎಂದರು.

ಮನೆಗೆ ಬಂದು ಹೇಳಿದಾಗ ಹೆಂಡತಿ, ‘ದುಡ್ಡು ಕೊಟ್ಟರೂ ಕಲಿಸುವುದು ಖಂಡಿತವಿಲ್ಲ ಅಂದರೆ ಅದು ಯಾವ ಸೀಮೆಯ ನ್ಯಾಯ?’ ಎಂದಳು. ಅವಳ ಮಾತಿನಲ್ಲಿ ಹುರುಳಿದೆ. ಅದಕ್ಕೆ ಉತ್ತರ ಹುಡುಕಲು ಮಾಡಿದ ಯೋಚನೆಯೇ ಈ ಬರಹ.

ಕಳರಿಯಲ್ಲಿ ನಡೆಯುವುದೇನೆಂದು ಮೊದಲು ನೋಡೋಣ. ಮಲಯಾಳ ಬಲ್ಲ ಓದುಗರಿಗೆ ಇದು ತಿಳಿದದ್ದೇ. ಹೊಳೆಯ ಈಚೆಯವರಿಗಾಗಿ ಹೇಳುತ್ತೇನೆ. ವಡಕ್ಕನ್ ಪದ್ಧತಿಯ ಕಳರಿ ನೆಲವನ್ನು ಅಗೆದು ತಗ್ಗಿಸಿ ಮಾಡಿದ್ದು. ಪೂರ್ವಪಶ್ಚಿಮವಾಗಿ 42 ಅಡಿ ಉದ್ದ, 21 ಅಡಿ ಅಗಲ. ಅದರಿಂದಲೇ ನಾಲ್ಪತ್ತೀರಡಿ ಎಂಬ ಹೆಸರು. ನೈಋತ್ಯ ಮೂಲೆಯಲ್ಲಿ ಏಳು ಮೆಟ್ಟಿಲಿನ ಪೂತ್ತರ. ಮೊದಲ ಹಂತ ಮೆಯ್ತಾರಿ, ಅಂದರೆ ಮೈಯ ಅಭ್ಯಾಸ. ಇದರಲ್ಲಿ ಹತ್ತಾರು ಮಂದಿ ಒಟ್ಟಿಗಿರುತ್ತಾರೆ. ಗುರುಕ್ಕಳರು ವಾಯ್ತ್ತಾರಿ ಹೇಳುತ್ತಾರೆ; ಆ ಬಾಯಿಮಾತಿನ ತಾಳಕ್ಕೆ ಎಲ್ಲರೂ ಕಾಲೆತ್ತುತ್ತಾರೆ, ಬಾಗುತ್ತಾರೆ, ಹಾರುತ್ತಾರೆ. ಶಾಲೆಯ ಡ್ರಿಲ್ಲಿನ ಹಾಗೆಯೇ ಎನ್ನಬಹುದು. ಎರಡನೆಯ ಹಂತ ಕೋಲ್ತಾರಿ: ಆಳೆತ್ತರದ ಕೆಟ್ಟುಕಾರಿ, ಮೂರು ಗೇಣಿನ ಚೆರುವಡಿ, ಆನೆಯ ಸೊಂಡಿಲಿನಂತೆ ಬಾಗಿದ ಒಟ್ಟ. ಮೂರನೆಯದು ಅಂಗತ್ತಾರಿ: ಕಠಾರಿ, ಕತ್ತಿ ಗುರಾಣಿ, ಉರುಮಿ. ಅದರ ನಂತರ ಬರಿಗೈ.

ಕೋಲು ಕೈಗೆ ಬಂದ ದಿನದಿಂದ ಕಲಿಕೆಯ ರೀತಿಯೇ ಬದಲಾಗುತ್ತದೆ. ಶಿಷ್ಯನೆದುರು ಗುರು ತಾನೇ ಕೋಲು ಹಿಡಿದು ನಿಲ್ಲುತ್ತಾನೆ. ಹೊಡೆತಗಳ ಕ್ರಮ ಗೊತ್ತಿದ್ದದ್ದೇ. ಆದರೆ ಬರುವ ಹೊಡೆತ ನಿಜವಾದದ್ದು. ತಡೆಯದಿದ್ದರೆ ತಾಗುತ್ತದೆ. ಶಿಷ್ಯ ಎಷ್ಟು ವೇಗವಾಗಿ ತಡೆಯಬಲ್ಲನೋ ಅದಕ್ಕಿಂತ ಒಂದು ಕೂದಲೆಳೆಯಷ್ಟು ಹೆಚ್ಚು ವೇಗದಲ್ಲಿ ಗುರು ಹೊಡೆಯುತ್ತಾನೆ. ಒಂದು ಕೂದಲೆಳೆಗಿಂತ ಹೆಚ್ಚಾದರೆ ಹುಡುಗನ ಬೆರಳು ಒಡೆದೀತು. ಕಡಿಮೆಯಾದರೆ ಅವನು ಕಲಿಯುವುದೇನೂ ಇಲ್ಲ. ಈ ಅಳತೆ ದಿನದಿಂದ ದಿನಕ್ಕೆ, ಶಿಷ್ಯನಿಂದ ಶಿಷ್ಯನಿಗೆ ಬೇರೆ. ನಿನ್ನೆ ಜ್ವರ ಬಂದು ಎದ್ದವನಿಗೆ ಒಂದು, ಎಡಗೈಯವನಿಗೆ ಒಂದು, ಭಯದಿಂದ ಕಣ್ಣು ಮುಚ್ಚುವವಳಿಗೆ ಒಂದು. ಇಪ್ಪತ್ತು ಮಂದಿಯ ಸಾಲಿಗೆ ಒಮ್ಮೆಗೇ ಈ ಅಳತೆಯಲ್ಲಿ ಕಲಿಸಬಲ್ಲ ಗುರು ಹುಟ್ಟಿಲ್ಲ.

ಮೆಯ್ಯು ಕಣ್ಣಾವುಕ ಎಂಬ ಮಾತು ಮಲಯಾಳದಲ್ಲಿದೆ. ಮೆಯ್ ಎಂದರೆ ನಮ್ಮ ಮೈಯೇ, ಮೈಯೆಲ್ಲ ಕಣ್ಣಾಗುವುದು. ತಿರುವನಂತಪುರದ ಕಳರಿಯೊಂದರಲ್ಲಿ 1970ರ ದಶಕದಿಂದ ಕಲಿತ ಅಮೆರಿಕದ ಫಿಲಿಪ್ ಝರಿಲ್ಲಿಯವರು 1998ರಲ್ಲಿ ಕಳರಿಪಯಟ್ಟಿನ ಬಗ್ಗೆ ಪ್ರಕಟಿಸಿದ ದೊಡ್ಡ ಗ್ರಂಥಕ್ಕೆ ಈ ಮಾತನ್ನೇ ಹೆಸರಾಗಿಸಿದರು. ಶಿಷ್ಯನ ಮೈ ಕಣ್ಣಾಗುವುದಕ್ಕೆ ಮೊದಲು ಅವನ ಮೈಯನ್ನು ನೋಡುವ ಇನ್ನೊಂದು ಕಣ್ಣು ಬೇಕು ಎಂದು ನಾನು ಸೇರಿಸುತ್ತೇನೆ. ತನ್ನ ಬೆನ್ನು ತನಗೆ ಕಾಣುವುದಿಲ್ಲವಷ್ಟೆ.

ಇದು ಕಾದಾಟದ ವಿದ್ಯೆಗೆ ಮಾತ್ರ ಸಲ್ಲುವ ಮಾತಲ್ಲ. ನಾನು ಬ್ಯಾಂಕಿಗೆ ಸೇರಿದ ಹೊಸತರಲ್ಲಿ ಖೋಟಾ ನೋಟನ್ನು ಗುರುತಿಸುವುದು ಹೇಗೆಂದು ಸರ್ಕ್ಯುಲರ್ ಬರುತ್ತಿತ್ತು. ನೀರುಗುರುತು, ನೂಲು, ಅಂಕಿಗಳ ಗಾತ್ರ, ಎಲ್ಲ ಅದರಲ್ಲಿರುತ್ತಿತ್ತು; ಎಲ್ಲ ಶಾಖೆಗಳಿಗೂ ಒಂದೇ ಪ್ರತಿ. ಕಲಿತದ್ದು ಮಾತ್ರ ನಿವೃತ್ತಿಗೆ ಹತ್ತಿರವಾಗಿದ್ದ ಕ್ಯಾಶಿಯರೊಬ್ಬರ ಪಕ್ಕದಲ್ಲಿ ಕುಳಿತು. ಅವರು ಕಟ್ಟಿನ ನಡುವೆ ಒಂದು ನೋಟನ್ನು ನನ್ನ ಹೆಬ್ಬೆರಳಿಗೆ ತಾಗುವಂತೆ ಸರಿಸಿ, ಏನೂ ಹೇಳದೆ ನನ್ನ ಮುಖ ನೋಡುತ್ತಿದ್ದರು. ಬೆರಳು ನಿಂತರೆ ಸರಿ. ನಿಲ್ಲದಿದ್ದರೆ ಇನ್ನೊಮ್ಮೆ. ಚಿನ್ನದ ಸಾಲಕ್ಕೆ ಒರೆಗಲ್ಲು ಹಿಡಿಯುವ ಪತ್ತಾರರೂ ಹೀಗೆಯೇ ಕಲಿತವರು.

ಗರಡಿ ಎಂಬ ನಮ್ಮ ಮಾತೂ ಕಳರಿ ಎಂಬ ಅವರ ಮಾತೂ ಒಂದೇ ಬೇರಿನವು ಎನ್ನುವವರಿದ್ದಾರೆ. ತುಳುನಾಡಿನಲ್ಲಿ ಇಂದು ಗರಡಿಗಳು ಕೋಟಿ ಚೆನ್ನಯರ ಆರಾಧನೆಯ ಸ್ಥಳಗಳಾಗಿ ಉಳಿದಿವೆ; ಕಸರತ್ತು ಹೆಚ್ಚಿನ ಕಡೆ ಅಲ್ಲಿಂದ ಎದ್ದುಹೋಗಿದೆ. ಆದರೆ ಭಾಷೆಯಲ್ಲಿ ಅದು ಉಳಿದುಕೊಂಡಿದೆ. ಒಬ್ಬ ಸಾಹಿತಿಯನ್ನೋ ಭಾಗವತರನ್ನೋ ಪರಿಚಯಿಸುವಾಗ ‘ಇಂಥವರ ಗರಡಿಯಲ್ಲಿ ಪಳಗಿದವರು’ ಎನ್ನುತ್ತೇವೆ. ಇಂಥ ಕಾಲೇಜಿನ ಗರಡಿ ಎನ್ನುವುದು ಅಪರೂಪ. ಗರಡಿ ಯಾವಾಗಲೂ ಒಬ್ಬ ಮನುಷ್ಯನದ್ದು. ಮಲಯಾಳದಲ್ಲಿಯೂ 1967ರಲ್ಲಿ ಶಾಸ್ತಾಂಕೋಟೆಯಲ್ಲಿ ರಂಗಭೂಮಿಯವರು ಶಿಬಿರ ಸೇರಿದಾಗ ಅದಕ್ಕೆ ನಾಟಕ ಕಳರಿ ಎಂದೇ ಹೆಸರಿಟ್ಟರು.

ಇನ್ನು ಒಬ್ಬನಿಗೇ ಕಲಿಸುವುದಕ್ಕೂ ಊರಿಗೆಲ್ಲ ಕಲಿಸುವುದಕ್ಕೂ ಇರುವ ವ್ಯತ್ಯಾಸವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವುದು ಕರಾಟೆಯ ಚರಿತ್ರೆ. ನಮ್ಮಲ್ಲಿ ಈಗ ಯಾವ ಶಾಲೆಯ ಮೈದಾನಕ್ಕೆ ಹೋದರೂ ಶನಿವಾರ ಬಿಳಿ ಉಡುಪಿನ ಮಕ್ಕಳ ಸಾಲು ಕಾಣುತ್ತದೆ. ಕರಾಟೆಯೆಂದರೆ ಸಾಲು ಎಂದೇ ನಾವು ತಿಳಿದಿದ್ದೇವೆ. ಜಪಾನಿನ ಓಕಿನಾವಾ ದ್ವೀಪದಲ್ಲಿ ಅದು ಹಾಗಿರಲಿಲ್ಲ. 1868ರಲ್ಲಿ ಹುಟ್ಟಿದ ಫುನಕೊಶಿ ಗಿಚಿನ್ ತಮ್ಮ ಆತ್ಮಕಥೆಯಲ್ಲಿ ತಾವು ಕಲಿತ ಬಗೆಯನ್ನು ಹೇಳಿದ್ದಾರೆ. ರಾತ್ರಿ ಲಾಂದ್ರ ಹಿಡಿದು ಗುರು ಅಸಾತೊ ಅವರ ಮನೆಗೆ ನಡೆದುಹೋಗುವುದು. ಹಿತ್ತಿಲ ಅಂಗಳದಲ್ಲಿ ಒಂದೇ ಕಾತಾವನ್ನು, ಅಂದರೆ ಒಂದೇ ವರಸೆಯನ್ನು, ತಿಂಗಳುಗಟ್ಟಲೆ ಮಾಡುವುದು. ಗುರು ಮೇಲೆ ಕುಳಿತು ನೋಡುತ್ತ ಇನ್ನೊಮ್ಮೆ ಎನ್ನುವುದು. ಗುರುವಿಗೆ ತೃಪ್ತಿಯಾಗದೆ ಮುಂದಿನದು ಇಲ್ಲ. ಮನೆಗೆ ಮರಳುವಾಗ ಬೆಳಗಾಗುತ್ತಿತ್ತಂತೆ. ಅದೇ ದ್ವೀಪದಲ್ಲಿ ಇತೊಸು ಎಂಬ ಇನ್ನೊಬ್ಬ ಗುರು 1900ರ ಆಚೀಚೆ ಕರಾಟೆಯನ್ನು ಶಾಲೆಗಳಿಗೆ ತಂದರು. ಮಕ್ಕಳಿಗೆ ಹೊಂದುವಂತೆ ಪಿನಾನ್ ಎಂಬ ಐದು ವರಸೆಗಳನ್ನು ಅಳವಡಿಸಿದರು. ಫುನಕೊಶಿ ಇಬ್ಬರಿಂದಲೂ ಕಲಿತರು. 1922ರಲ್ಲಿ ಟೋಕಿಯೋಗೆ ಹೋಗಿ, ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಕಲಿಸಿದ್ದು ಎರಡನೆಯ ರೀತಿಯಲ್ಲಿ. ಇತೊಸು ಇಲ್ಲದಿದ್ದರೆ ಕರಾಟೆ ನಮ್ಮ ಶಾಲೆಯ ಮೈದಾನದ ವರೆಗೆ ಬರುತ್ತಿರಲಿಲ್ಲ. ಅಸಾತೊ ಇಲ್ಲದಿದ್ದರೆ ಟೋಕಿಯೋಗೆ ಹೋಗಬಲ್ಲ ಫುನಕೊಶಿ ಇರುತ್ತಿರಲಿಲ್ಲ. ಇವರಲ್ಲಿ ಯಾರು ದೊಡ್ಡವರೆಂದು ತೂಗುವುದು ನನ್ನಿಂದಾಗದ ಕೆಲಸ.

ಮಲಬಾರಿನಲ್ಲಿಯೂ ಹೀಗೊಂದು ಕಾಲವಿತ್ತು. 1805ರಲ್ಲಿ ಪಳಶ್ಶಿರಾಜ ಮಡಿದ ಕಾಲಕ್ಕೆ ಕಂಪೆನಿ ಸರಕಾರ ಜನರ ಆಯುಧಗಳನ್ನು ಕಸಿಯತೊಡಗಿತ್ತು. ಆಮೇಲೆ ಕಳರಿಗಳು ಕ್ಷೀಣಿಸಿದವು. 20ನೆಯ ಶತಮಾನದಲ್ಲಿ ಕೋಟ್ಟಕ್ಕಲ್ ಕಣಾರನ್ ಗುರುಕ್ಕಳ್ ಮತ್ತು ಅವರ ಶಿಷ್ಯ ಸಿ. ವಿ. ನಾರಾಯಣನ್ ನಾಯರ್ ಅವರಂಥವರು ಅದಕ್ಕೆ ಮರುಜೀವ ಕೊಟ್ಟರು. ಒಂದು ಶತಮಾನಕ್ಕೂ ಮಿಕ್ಕಿದ ಆ ಬರಗಾಲದಲ್ಲಿ ವಿದ್ಯೆ ಉಳಿದದ್ದು ಗುರುವಿನಿಂದ ಒಬ್ಬಿಬ್ಬರು ಶಿಷ್ಯರಿಗೆ ದಾಟುತ್ತ ದಾಟುತ್ತ. ಈಗ ಕಳರಿಪಯಟ್ಟು ಖೇಲೋ ಇಂಡಿಯಾ ಕ್ರೀಡಾಕೂಟದಲ್ಲಿಯೂ ಸೇರಿದೆ. ವಡಗರೆಯ ಮೀನಾಕ್ಷಿ ಅಮ್ಮನವರಿಗೆ 2017ರಲ್ಲಿ, ಕಣ್ಣೂರಿನ ಎಸ್. ಆರ್. ಡಿ. ಪ್ರಸಾದ್ ಗುರುಕ್ಕಳರಿಗೆ 2023ರಲ್ಲಿ ಪದ್ಮಶ್ರೀ ಬಂದಿದೆ. ಸಂತೋಷವೇ. ಆದರೆ ಪದಕದ ಸ್ಪರ್ಧೆಗೆ ತಯಾರಾಗುವುದೂ ಮರ್ಮ ಕಲಿಯುವುದೂ ಒಂದೇ ಅಲ್ಲವೆಂದು ಗುರುಕ್ಕಳರೇ ಹೇಳುತ್ತಾರೆ.

ಮರ್ಮದ ಮಾತು ಬಂತು. ಸುಶ್ರುತ 107 ಮರ್ಮಸ್ಥಾನಗಳನ್ನು ಹೆಸರಿಸುತ್ತಾನೆ. ತಾಗಿದರೆ ತಕ್ಷಣ ಸಾಯಿಸುವವು, ಕಾಲಾಂತರದಲ್ಲಿ ಸಾಯಿಸುವವು, ಊನಮಾಡುವವು ಎಂದು ವಿಂಗಡಿಸುತ್ತಾನೆ. ಕಳರಿಯವರು ಈ ಜ್ಞಾನವನ್ನು ಎರಡು ಕೈಯಲ್ಲೂ ಹಿಡಿದಿದ್ದಾರೆ: ಒಂದರಲ್ಲಿ ಹೊಡೆತ, ಇನ್ನೊಂದರಲ್ಲಿ ಉಳಿಚ್ಚಿಲ್ ಮತ್ತು ಎಣ್ಣೆ. ಇದನ್ನು ಕಟ್ಟಕಡೆಗೆ, ಹಲವು ವರ್ಷ ನೋಡಿ, ಆಯ್ದ ಒಬ್ಬಿಬ್ಬರಿಗೆ ಮಾತ್ರ ಕೊಡುವುದು ರೂಢಿ. ನನ್ನ ಹೆಂಡತಿಯ ಪ್ರಶ್ನೆಗೆ ಇಲ್ಲಿ ಉತ್ತರದ ಒಂದು ತುದಿ ಸಿಕ್ಕೀತು ಎಂದು ನನಗೆ ತೋರುತ್ತದೆ.

ಬ್ಯಾಂಕಿನಲ್ಲಿ ಸಾಲಕ್ಕೆ ಜಾಮೀನುದಾರ ಬೇಕು. ಜಾಮೀನು ಹಾಕುವವನು ಸಾಲಗಾರನನ್ನು ಬಲ್ಲವನಾಗಿರಬೇಕು. ಅವನ ಮನೆ, ಮಾತು, ಕುಡಿತ, ಕೋಪ ಎಲ್ಲವನ್ನೂ. ಕೇಳಿದವರಿಗೆಲ್ಲ ಜಾಮೀನು ಹಾಕುವ ಮನುಷ್ಯರೂ ಊರಿಗೊಬ್ಬರು ಇರುತ್ತಾರೆ. ಅಂಥವರ ಸಹಿ ನೋಡಿದ ಕೂಡಲೇ ನಮ್ಮ ಮ್ಯಾನೇಜರರು ಕಾಗದವನ್ನು ಬದಿಗಿಡುತ್ತಾರೆ. ಕಾದಾಟ ಕಲಿಸುವ ಗುರು ಶಿಷ್ಯನಿಗೆ ಹಾಕುವುದು ಇಂಥದೊಂದು ಜಾಮೀನು. ಇವನ ಕೈಗೆ ಇದನ್ನು ಕೊಟ್ಟಿದ್ದೇನೆ, ಇವನು ಅದನ್ನು ಪೇಟೆಯ ಜಗಳದಲ್ಲಿ, ಮನೆಯೊಳಗೆ ಹೆಂಡತಿಯ ಮೇಲೆ ಎತ್ತುವವನಲ್ಲ ಎಂದು ಊರಿಗೆ ಕೊಡುವ ಭರವಸೆ. ಎದುರಿಗೆ ನಿಂತು ಅವನ ಸಿಟ್ಟನ್ನೂ ಹೆದರಿಕೆಯನ್ನೂ ಕೋಲಿನ ತುದಿಯಲ್ಲಿ ನೂರಾರು ದಿನ ಅನುಭವಿಸದೆ ಗುರು ಈ ಸಹಿ ಹಾಕುವುದು ಹೇಗೆ? ಪೆಟ್ಟು ಬಿದ್ದಾಗ ನಗುವವರಾರು, ಹಲ್ಲು ಕಡಿಯುವವರಾರು, ಮರುದಿನ ಚಿಕ್ಕವರ ಮೇಲೆ ಅದನ್ನು ತೀರಿಸಿಕೊಳ್ಳುವವರಾರು ಎಂಬುದು ಸಾಲಿನಲ್ಲಿ ನಿಂತಾಗ ತಿಳಿಯುವುದಿಲ್ಲ. ಒಂಟಿಯಾಗಿ ಕಲಿಯುವುದರಿಂದ ತಪ್ಪು ಬೇಗ ತಿದ್ದುತ್ತದೆ, ಹಿಂಜರಿಯುವವರಿಗೆ ಧೈರ್ಯ ಬರುತ್ತದೆ, ಐವತ್ತರ ಮಂಡಿನೋವಿನವರೂ ತಮ್ಮ ಮಿತಿಯಲ್ಲಿ ಕಲಿಯಬಹುದು. ಇವೆಲ್ಲ ನಿಜವಾದ ಲಾಭಗಳೇ. ಇವು ಶಿಷ್ಯನಿಗೆ ಆಗುವ ಲಾಭ. ಗುರು ಅವನನ್ನು ಅರಿಯುವುದು ಊರಿಗೆ ಆಗುವ ಲಾಭ. ಇದನ್ನು ಯಾರೂ ಜಾಹೀರಾತಿನಲ್ಲಿ ಬರೆಯುವುದಿಲ್ಲ.

ಅರಿತ ಮೇಲೆ ಗುರುವಿಗೆ ‘ಇಲ್ಲ’ ಎನ್ನುವ ಸ್ವಾತಂತ್ರ್ಯವಿರಬೇಕು. ಇಲ್ಲದಿದ್ದರೆ ಅರಿತು ಫಲವೇನು? ಭಾರತದ ಸೌಪ್ತಿಕಪರ್ವದಲ್ಲಿ ಇದಕ್ಕೆ ಎದೆ ನಡುಗಿಸುವ ನಿದರ್ಶನವಿದೆ. ಬ್ರಹ್ಮಶಿರೋಸ್ತ್ರವನ್ನು ದ್ರೋಣರು ಸಂತೋಷದಿಂದ ಕೊಟ್ಟದ್ದು ಅರ್ಜುನನಿಗೆ. ಅದನ್ನು ಸಹಿಸದ ಅಶ್ವತ್ಥಾಮ ತನಗೂ ಬೇಕೆಂದು ಹಟ ಹಿಡಿದ. ಮಗನ ಚಪಲಬುದ್ಧಿ ತಂದೆಗೆ ಚೆನ್ನಾಗಿ ಗೊತ್ತಿತ್ತು. ಅಗಲ ಬಾಯಿಯ ಕೊಡ ಕೊಟ್ಟು ಒಬ್ಬನೇ ಇದ್ದಾಗ ಕಲಿಸಿದವರಲ್ಲವೆ? ಆದರೂ ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟರು, ಎಂಥ ಆಪತ್ತಿನಲ್ಲಿಯೂ ಮನುಷ್ಯರ ಮೇಲೆ ಬಿಡಬೇಡವೆಂದು ಎಚ್ಚರಿಸಿದರು. ಯುದ್ಧ ಮುಗಿದ ಮೇಲೆ ಇಬ್ಬರೂ ಅದನ್ನು ಬಿಟ್ಟರು. ಋಷಿಗಳು ನಡುವೆ ನಿಂತು ಹಿಂದೆಗೆಯಿರೆಂದಾಗ ಅರ್ಜುನ ಹಿಂದೆಗೆದ. ಅಶ್ವತ್ಥಾಮನಿಗೆ ಬಿಡುವುದು ಗೊತ್ತಿತ್ತು, ಹಿಂದೆಗೆಯುವುದು ಸಾಧ್ಯವಾಗಲಿಲ್ಲ; ಪಾಂಡವರ ಸೊಸೆಯ ಗರ್ಭದ ಕಡೆಗೆ ಅದನ್ನು ತಿರುಗಿಸಿದ. ಗುರು ಒಬ್ಬರೇ, ಇಬ್ಬರಿಗೂ ಬೇರೆಯಾಗಿ ನಿಲ್ಲಿಸಿಕೊಂಡು ಕಲಿಸಿದ್ದೇ. ಒಬ್ಬನಿಗೆ ಗುರು ಒಪ್ಪಿ ಕೊಟ್ಟರು. ಇನ್ನೊಬ್ಬನಿಗೆ ಇಲ್ಲವೆನ್ನಲಾರದೆ ಕೊಟ್ಟರು.

ಮೂವತ್ತು ಕ್ಲಾಸಿನ ಹಣ ಮುಂಗಡ ಕೊಟ್ಟವನೂ ಗುರುವಿನ ಪಾಲಿಗೆ ಆ ಮಗನ ಹಾಗೆಯೇ. ಅವನಿಗೆ ಇಲ್ಲವೆನ್ನುವುದು ಕಷ್ಟ. ಹದಿನೈದನೆಯ ಕ್ಲಾಸಿನಲ್ಲಿ ಈ ಹುಡುಗನ ಕೈಗೆ ಇದು ಬೇಡವೆಂದು ತೋರಿದರೂ ಹದಿನಾರನೆಯದನ್ನು ಕಲಿಸಲೇಬೇಕು, ಹಣ ಸಂದಿದೆ. 2020ರ ಮಹಾಮಾರಿಯ ನಂತರ ಫೋನಿನ ತೆರೆಯಲ್ಲಿಯೂ ಒಬ್ಬರಿಗೊಬ್ಬರು ಪಾಠ ನಡೆಯುತ್ತಿದೆ. ಸಾವಿರ ಮೈಲಿ ದೂರದಿಂದ ಕಾಲಿನ ಕೋನ ತಿದ್ದಬಹುದು, ಅದು ಸಣ್ಣ ಸಂಗತಿಯೇನಲ್ಲ. ಕೋಲಿನ ತುದಿಯಲ್ಲಿ ತಿಳಿಯುವುದು ಅಲ್ಲಿ ತಿಳಿಯುವುದೆ ಎಂಬುದು ನನ್ನ ಅನುಮಾನ. ಹಾಗೆಂದು ಗುರು ಹಣ ಮುಟ್ಟಬಾರದೆಂದು ನಾನು ಹೇಳುವುದಿಲ್ಲ. ಅವರಿಗೂ ಅಕ್ಕಿ ಬೇಕು. ಹೆಚ್ಚಿನ ಗುರುಕ್ಕಳರು ಜೀವನ ಸಾಗಿಸುವುದು ಉಳಿಚ್ಚಿಲ್, ಮೂಳೆ ಕೂಡಿಸುವ ಚಿಕಿತ್ಸೆಯಿಂದ. ಮೀನಾಕ್ಷಿ ಅಮ್ಮನವರ ಕಳರಿ ನಿಗದಿತ ಫೀಸು ಇಲ್ಲದೆ ಗುರುದಕ್ಷಿಣೆಯ ಮೇಲೆ ನಡೆದುಬಂದದ್ದು ಎಲ್ಲರಿಗೂ ತಿಳಿದಿದೆ. ದಕ್ಷಿಣೆಗೂ ಫೀಸಿಗೂ ವ್ಯತ್ಯಾಸವೇನೆಂದು ಕೇಳಿದರೆ ಗುಮಾಸ್ತನ ಉತ್ತರ ಇಷ್ಟೆ: ದಕ್ಷಿಣೆಗೆ ರಶೀದಿ ಇಲ್ಲ, ಆದ್ದರಿಂದ ಹಕ್ಕೂ ಇಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನು ಮುಚ್ಚಿಡುವುದು ಸಲ್ಲ. ಇಲ್ಲವೆನ್ನುವ ಈ ಸ್ವಾತಂತ್ರ್ಯವೇ ಕರ್ಣನನ್ನು ತಿರುಗಿಸಿ ಕಳುಹಿಸಿದ್ದು. ಬ್ರಹ್ಮಾಸ್ತ್ರ ಬೇಕೆಂದು ಅವನು ದ್ರೋಣರನ್ನು ಏಕಾಂತದಲ್ಲಿ ಕೇಳಿದ. ವ್ರತಸ್ಥ ಬ್ರಾಹ್ಮಣನಿಗೆ ಅಥವಾ ತಪಸ್ವಿಯಾದ ಕ್ಷತ್ರಿಯನಿಗೆ ಮಾತ್ರ ಎಂಬ ಉತ್ತರ ಬಂತು. ಅಲ್ಲಿಂದ ಅವನು ಸುಳ್ಳು ಹೇಳಿ ಪರಶುರಾಮರಲ್ಲಿಗೆ ಹೋದ, ಶಾಪ ಹೊತ್ತು ಬಂದ. ನಮ್ಮ ನಾಡಿನ ಎಷ್ಟೋ ಬಾಗಿಲುಗಳು ಹೀಗೆ ಹುಟ್ಟು ಕೇಳಿ ಮುಚ್ಚಿದವು. ವಡಕ್ಕನ್ ಪಾಟ್ಟುಗಳಲ್ಲಿ ತೀಯರ ಪುತ್ತೂರಂ ಮನೆಯ ಆರೋಮಲ್ ಚೇಕವರೂ ಉಣ್ಣಿಯಾರ್ಚೆಯೂ ವೀರರೆನಿಸಿದ್ದು ಸಮಾಧಾನದ ಮಾತು. ಆದರೆ ಎಲ್ಲ ಜಾತಿಗೂ ಎಲ್ಲ ಹೆಣ್ಣುಮಕ್ಕಳಿಗೂ ಕಳರಿ ತೆರೆದಿತ್ತೆಂದು ಅದರಿಂದ ಸಾಧಿಸಲಾಗದು. ‘ಈಗ ಬೇಡ’ ಎಂಬ ಇಲ್ಲಕ್ಕೂ ‘ನಿನಗೆ ಬೇಡ’ ಎಂಬ ಇಲ್ಲಕ್ಕೂ ಅಂತರ ಬಹಳ. ಮೊದಲನೆಯದನ್ನು ಕೇಳಿದವರು ನಾಳೆ ಮತ್ತೆ ಬರಬಹುದು. ಎರಡನೆಯದನ್ನು ಹೇಳುವ ಗುರು ಶಿಷ್ಯನನ್ನು ನೋಡಿಯೇ ಇಲ್ಲ, ಅವನ ಮನೆತನವನ್ನು ನೋಡಿ ಮಾತಾಡಿದ್ದಾನೆ.

ಒಟ್ಟಿಗೆ ಕಲಿತ ಸಲುಗೆಯೂ ವಿಷವಾಗಬಹುದು. ಆರೋಮಲರ ಕಥೆಯಲ್ಲಿ ಅವರೊಂದಿಗೇ ಬೆಳೆದು ಕಲಿತ ಚಂದು ಅಂಕದ ಮುನ್ನ ಖಡ್ಗದ ಕಬ್ಬಿಣದ ಮೊಳೆಗಳ ಬದಲು ಮರದ ಮೊಳೆ ಹಾಕಿಸಿದನೆಂದು ಪಾಟ್ಟು ಹೇಳುತ್ತದೆ. (1989ರ ‘ಒರು ವಡಕ್ಕನ್ ವೀರಗಾಥಾ’ ಚಿತ್ರದಲ್ಲಿ ಎಂ. ಟಿ. ವಾಸುದೇವನ್ ನಾಯರ್ ಅವನನ್ನು ನಿರಪರಾಧಿಯಾಗಿಸಿದರು. ನಮ್ಮ ಬ್ಯಾಂಕಿನ ಮಲಯಾಳಿ ಮಿತ್ರರಲ್ಲಿ ಇದರ ಬಗ್ಗೆ ಇಂದಿಗೂ ಎರಡು ಪಕ್ಷವಿದೆ.)

ಕೊನೆಯದಾಗಿ ತಂದೆಯೊಬ್ಬ ಹೇಳಲೇಬೇಕಾದ ಮಾತು. ಒಬ್ಬರಿಗೊಬ್ಬರು ಎಂದರೆ ಮುಚ್ಚಿದ ಕೋಣೆ ಎಂದು ಅರ್ಥವಾಗಬಾರದು. ಕಾದಾಟ ಕಲಿಸುವವನ ಕೈ ಶಿಷ್ಯೆಯ ಮೈಗೆ ತಾಗದೆ ಇರಲಾರದು. ಹಾಗಿರುವಾಗ ತನ್ನನ್ನು ಕಾಪಾಡಿಕೊಳ್ಳಲು ಕಲಿಯುವ ಜಾಗದಲ್ಲೇ ಅವಳಿಗೆ ಕಾವಲು ಬೇಕಾಗುವ ಸ್ಥಿತಿ ಬರಕೂಡದು. ನಮ್ಮ ಸ್ಟ್ರಾಂಗ್ ರೂಮಿಗೆ ಎರಡು ಬೀಗದಕೈ, ಇಬ್ಬರು ಅಧಿಕಾರಿಗಳ ಕೈಯಲ್ಲಿ. ಇಬ್ಬರೂ ಪ್ರಾಮಾಣಿಕರೇ, ಆದರೂ ಒಬ್ಬರೇ ತೆರೆಯುವಂತಿಲ್ಲ. ಇದನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ. ಹೊಳೆಯಾಚೆಯ ಕಳರಿಯಲ್ಲಿ ನನಗೆ ಹಿಡಿಸಿದ್ದು ಇದೇ. ಗುರುಕ್ಕಳರು ಒಬ್ಬ ಶಿಷ್ಯನೆದುರು ಕೋಲು ಹಿಡಿದು ನಿಂತಾಗ ಅವರಿಬ್ಬರ ಪಾಲಿಗೆ ಬೇರೆ ಯಾರೂ ಇಲ್ಲ. ಆದರೆ ಆರೇಳು ಮಂದಿ ಬದಿಯಲ್ಲಿ ಬಾಗಿ ಏಳುತ್ತಿರುತ್ತಾರೆ, ಮೇಲೆ ದಂಡೆಯಲ್ಲಿ ಯಾರದೋ ತಾಯಿ ಕೊಡೆ ಮಡಿಸಿಕೊಂಡು ಕುಳಿತಿರುತ್ತಾಳೆ. ನೋಡುವವರಿಗೆ ವರಸೆ ಕಾಣುತ್ತದೆ. ಕೋಲುಗಳ ನಡುವೆ ನಡೆಯುವ ಮಾತು ಮಾತ್ರ ಆ ಇಬ್ಬರದ್ದೇ. ದ್ರೋಣರು ಮಗನಿಗೆ ಹೆಚ್ಚಿನದನ್ನು ಕಲಿಸಲು ಉಳಿದವರನ್ನು ನೀರಿಗೆ ಕಳುಹಿಸಬೇಕಾಗಿತ್ತು. ಇಲ್ಲಿ ಯಾರನ್ನೂ ಎಲ್ಲಿಗೂ ಕಳುಹಿಸುವುದಿಲ್ಲ.

ಮಗಳು ಇಡವದ ಮಳೆಗೆ ಅಲ್ಲಿ ಸೇರಿದಳು. ಈಗ ಏಳು ತಿಂಗಳಾಯಿತು. ಕಾಲು ತಲೆಯ ಮೇಲಕ್ಕೆ ಬರುತ್ತದೆ. ಕೋಲು ಇನ್ನೂ ಸಿಕ್ಕಿಲ್ಲ. ಹೆಂಡತಿ ಹಣದ ಮಾತು ಬಿಟ್ಟಿದ್ದಾಳೆ. ಒಮ್ಮೆ ಅವಳನ್ನು ಕರೆತರಲು ಹೋಗಿ ದಂಡೆಯಲ್ಲಿ ಕುಳಿತು ಬಂದವಳು ರಾತ್ರಿ ಊಟಕ್ಕೆ ಬಡಿಸುವಾಗ ಬೇರೆಯೇ ಒಂದು ಲೆಕ್ಕ ಕೇಳಿದಳು: ‘ಅವರಿಗೆ ಎಪ್ಪತ್ತು ದಾಟಿದ ಹಾಗೆ ಕಾಣುತ್ತದೆ. ಇವಳ ಸರದಿ ಬರುವಾಗ ಅವರು ಇರುತ್ತಾರೋ?’ ಗುರುಕ್ಕಳರ ಮಗ ಗಲ್ಫಿನಲ್ಲಿದ್ದಾನೆ. ವರ್ಷಕ್ಕೊಮ್ಮೆ ರಜೆಯಲ್ಲಿ ಬಂದಾಗ ಕಳರಿಗೆ ಇಳಿಯುತ್ತಾನೆ ಎಂದು ಕೇಳಿದ್ದೇನೆ.